ಹೆಸರು ಇಡಿ, ಹಳೇ ಸರ್ಕಲ್ ಬಿಡಿ

ದಾವಣಗೆರೆಯಲ್ಲಿ ಯಾವುದಾದರೂ ರಸ್ತೆಗೆ ಹೆಸರಿಡುವ ಮಾತು ಬಂತೆಂದರೆ ವಾಟ್ಸಾಪ್ ಗ್ರೂಪುಗಳು ದೋಸೆ ಕಾವಲಿಯಂತೆ ಕಾಯುತ್ತವೆ. ಒಬ್ಬರು ಮದಕರಿ ನಾಯಕ ಅಂತಾರೆ, ಇನ್ನೊಬ್ಬರು ಟಿಪ್ಪು, ಮತ್ತೊಬ್ಬರು ರಾಯಣ್ಣ. ಟಿಪ್ಪುವಿನ ತಂದೆ ಹೈದರಾಲಿ ಮದಕರಿಯಿಂದ ಚಿತ್ರದುರ್ಗ ಗೆದ್ದದ್ದು 1779ರಲ್ಲಿ. ಆ ಜಗಳ ನಮ್ಮ ಸರ್ಕಲ್‌ಗಳಲ್ಲಿ ಇನ್ನೂ ನಡೆದೇ ಇದೆ! ಹತ್ತು ಮೆಸೇಜ್ ದಾಟುವಷ್ಟರಲ್ಲಿ ಇತಿಹಾಸ ಹಿಂದೆ ಬಿದ್ದು, ಯಾವ ವಾರ್ಡಿನಲ್ಲಿ ಯಾರ ಜನ ಜಾಸ್ತಿ ಅನ್ನುವ ಲೆಕ್ಕ ಶುರು.

ನಾನು ಹೇಳುವುದು ಇಷ್ಟೇ. ಹೆಸರು ಇಡಿ, ಇರುವುದನ್ನು ಅಳಿಸಿ ಇಡಬೇಡಿ.

ಇಟ್ಟ ಹೆಸರುಗಳ ಗತಿ ನೋಡಿ. ಪಿ.ಜೆ. ಬಡಾವಣೆ ಅಂದರೆ ಪ್ರಿನ್ಸ್ ಜಯಚಾಮರಾಜ ಬಡಾವಣೆ. ಪೂರ್ತಿ ಹೆಸರು ಹೇಳಿ ಆಟೋ ಕರೆಯಿರಿ, 'ಎಲ್ಲಿ ಬರ್ತೈತ್ರೀ ಅದು?' ಅಂತಾರೆ. ರಾಂ ಅಂಡ್ ಕೋ ಸರ್ಕಲ್ ಅನ್ನಿ, ಕಣ್ಣು ಮುಚ್ಚಿಕೊಂಡು ಬಿಡುತ್ತಾರೆ. ಮಹಾರಾಜರ ಮನೆತನದ ಹೆಸರು ಎರಡು ಅಕ್ಷರಕ್ಕೆ ಇಳಿಯಿತು, ಅಂಗಡಿಯ ಹೆಸರು ಪೂರ್ತಿ ಉಳಿಯಿತು.

ಇನ್ನು ಅಶೋಕ ರಸ್ತೆ. ಆ ಹೆಸರು ಕೇಳಿದರೆ ನಮ್ಮೂರವರಿಗೆ ನೆನಪಾಗುವುದು ರೈಲ್ವೆ ಗೇಟು, ಚಕ್ರವರ್ತಿ ಅಲ್ಲ. ಹಾಗಂತ ಅಶೋಕ ನಮಗೆ ದೂರದವನೇನಲ್ಲ. ಅವನ ಶಾಸನಗಳು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು. 1997ರವರೆಗೆ ಆ ಬಂಡೆಗಳೂ ನಾವೂ ಒಂದೇ ಚಿತ್ರದುರ್ಗ ಜಿಲ್ಲೆ. ಇಷ್ಟನ್ನು ಒಂದು ಬೋರ್ಡಿನ ಮೇಲೆ ಬರೆಸಿ ಆ ರಸ್ತೆಯಲ್ಲಿ ನಿಲ್ಲಿಸಿದರೆ ಹೋಗಿ ಬರುವವರು ಓದುತ್ತಿದ್ದರು. ಖರ್ಚೂ ಕಡಿಮೆ. ಅದು ಯಾರಿಗೂ ಹೊಳೆಯಲ್ಲ, ಹೊಸ ಹೆಸರು ಮಾತ್ರ ಹೊಳೆಯುತ್ತದೆ.

ಹೆಸರು ಬದಲಾದರೆ ಆಧಾರ್, ಜಿಎಸ್‌ಟಿ, ಲೈಸೆನ್ಸ್, ಬ್ಯಾಂಕ್ ವಿಳಾಸ ಅಂತ ಓಡಾಡುವವರು ಆ ರಸ್ತೆಯ ಅಂಗಡಿಯವರು. ಭಾಷಣ ಮಾಡಿದವರಲ್ಲ. ಹೆಸರಿನ ಹಿಂದೆಯೇ ಪ್ರತಿಮೆ ಬೇಡಿಕೆ ಬರುತ್ತದೆ. ರಸ್ತೆಯಲ್ಲಿ ಪ್ರತಿಮೆಗೆ ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಬಿಡಿ, ಅದನ್ನು ಕೇಳುವವರು ಯಾರು?

ನನಗೆ ಬೇಸರ ಬೇರೆ. ರಾಜರನ್ನೇ ಯಾಕೆ ಹುಡುಕುತ್ತೀರಿ? ಇದು ಹತ್ತಿ ಗಿರಣಿಗಳಿಂದ ಬೆಳೆದ ಊರು. ಮಿಲ್ ಕಾರ್ಮಿಕರ ನಡುವಿನಿಂದ ಬಂದು ಶಾಸಕರಾದ ಪಂಪಾಪತಿ ಇದ್ದರು. ರಂಗಭೂಮಿಯ ಚಿಂದೋಡಿ ಲೀಲಾ ಇದ್ದರು. ಇವರ ಹೆಸರಿಗೆ ಯಾವ ಗ್ರೂಪಿನಲ್ಲೂ ಜಗಳ ಆಗಿದ್ದು ನಾನು ನೋಡಿಲ್ಲ.

ಊರಾಚೆ ಹೊಸ ಬಡಾವಣೆಗಳಲ್ಲಿ 3ನೇ ಮೇನ್, 7ನೇ ಕ್ರಾಸ್ ಅಂತ ಬರೀ ನಂಬರಿನ ರಸ್ತೆಗಳು ಬೇಕಾದಷ್ಟಿವೆ. ಅಲ್ಲಿ ಇಡಿ ಅಂದರೆ ಯಾರಿಗೂ ಬೇಡ. ಮೆರವಣಿಗೆ ಅಲ್ಲಿಗೆ ಬರಲ್ಲ, ಅಲ್ವಾ? ಪಾಲಿಕೆಯವರು ಆಕ್ಷೇಪಣೆ ಕರೆದರೆ ನಾನಂತೂ ಇದನ್ನೇ ಬರೆದು ಕೊಡುತ್ತೇನೆ.