ಟೇಬಲ್ ಮೊದಲು, ಫಾರ್ಮ್ ಆಮೇಲೆ

ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ಮೈಕ್ರೋಸಾಫ್ಟ್ ಆ್ಯಕ್ಸೆಸ್ ತಂತ್ರಾಂಶವನ್ನು ತೆರೆದ ಕೂಡಲೇ ಫಾರ್ಮ್ (ಮಾಹಿತಿ ತುಂಬುವ ಪರದೆ) ವಿನ್ಯಾಸಕ್ಕೆ ಕೈ ಹಾಕುವವರ ಬಗ್ಗೆ ನನ್ನದೊಂದು ತಕರಾರು ಇದೆ. ಎದುರಿಗಿರುವ ಬಿಲ್ ಪುಸ್ತಕವನ್ನೇ ನೋಡಿಕೊಂಡು ಪರದೆಯ ಮೇಲೆ ಚೌಕಗಳನ್ನು ಜೋಡಿಸಿ, ಆ ಚೌಕಗಳಿಗೆ ತಕ್ಕಂತೆ ಟೇಬಲ್ ಕಟ್ಟಿದರೆ ‘ಸಾಮಾನು1, ಸಾಮಾನು2, ಸಾಮಾನು3’ ಎಂಬ ಕಾಲಂಗಳು ಹುಟ್ಟಿಕೊಳ್ಳುತ್ತವೆ. ನಾಲ್ಕು ಸಾಮಾನು ಕೊಳ್ಳುವ ಗಿರಾಕಿ ಬಂದ ದಿನವೇ ಆ ವಿನ್ಯಾಸ ಕೈಕೊಡುತ್ತದೆ.

ಬೀಜ, ಗೊಬ್ಬರ ಮಾರುವ ಒಂದು ಅಂಗಡಿಯನ್ನು ತೆಗೆದುಕೊಳ್ಳೋಣ. ಒಂದು ಬಿಲ್ಲಿನಲ್ಲಿ ಹಲವು ಸಾಮಾನುಗಳಿರುತ್ತವೆ, ಒಂದೇ ಸಾಮಾನು ಹಲವು ಬಿಲ್ಲುಗಳಲ್ಲಿ ಬರುತ್ತದೆ. ಹೀಗಾಗಿ ಗಿರಾಕಿ, ಬಿಲ್, ಸಾಮಾನು ಎಂಬ ಮೂರು ಟೇಬಲ್‌ಗಳು ಸಾಲದೆ, ಬಿಲ್ ಮತ್ತು ಸಾಮಾನಿನ ನಡುವೆ ‘ಬಿಲ್ ಸಾಲು’ ಎಂಬ ನಾಲ್ಕನೆಯದು ಬೇಕಾಗುತ್ತದೆ. ದರವನ್ನು ಈ ಸಾಲಿನಲ್ಲಿಯೂ ಬರೆದಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ, ಮಾಹಿತಿಯನ್ನು ಪರಸ್ಪರ ಸಂಬಂಧವಿರುವ ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯನ್ನು ಅರ್ಧ ಓದಿಕೊಂಡವರು ಇದನ್ನು ಪುನರಾವರ್ತನೆ ಎನ್ನುತ್ತಾರೆ. ಆದರೆ ಜೋಳದ ಬೀಜದ ಇಂದಿನ ದರ ಬೇರೆ, ಹೋದ ಮುಂಗಾರಿನಲ್ಲಿ ಅದನ್ನು ಮಾರಿದ ದರ ಬೇರೆ. ಸಾಮಾನು ಟೇಬಲ್‌ನ ದರವೊಂದನ್ನೇ ನೆಚ್ಚಿಕೊಂಡರೆ, ಇಂದು ಅದನ್ನು ತಿದ್ದಿದಾಗ ಕಳೆದ ವರ್ಷದ ಬಿಲ್ಲುಗಳ ಮೊತ್ತವೂ ಸದ್ದಿಲ್ಲದೆ ಬದಲಾಗುತ್ತದೆ. ಸಾಲಿನ ಮೊತ್ತವನ್ನು ಮಾತ್ರ ಎಲ್ಲಿಯೂ ಉಳಿಸಬೇಕಾಗಿಲ್ಲ, ಟೇಬಲ್‌ಗಳಿಂದ ಬೇಕಾದ ಮಾಹಿತಿಯನ್ನು ಹೆಕ್ಕಿ ಕೊಡುವ ಕ್ವೆರಿಯಲ್ಲಿ ದರ ಮತ್ತು ಪ್ರಮಾಣವನ್ನು ಗುಣಿಸಿಕೊಂಡರಾಯಿತು.

ರಿಲೇಷನ್‌ಶಿಪ್ಸ್ ಕಿಟಕಿಯಲ್ಲಿ ಟೇಬಲ್‌ಗಳ ನಡುವೆ ಗೆರೆ ಎಳೆಯುವಾಗ ‘ಎನ್‌ಫೋರ್ಸ್ ರೆಫರೆನ್ಶಿಯಲ್ ಇಂಟೆಗ್ರಿಟಿ’ಗೆ (ಒಂದು ಟೇಬಲ್ ಸೂಚಿಸುವ ದಾಖಲೆ ಇನ್ನೊಂದರಲ್ಲಿ ಇರಲೇಬೇಕೆಂಬ ನಿಯಮ) ಗುರುತು ಹಾಕಲೇಬೇಕು, ಇಲ್ಲವಾದರೆ ಆ ಗೆರೆ ಚಿತ್ರವಾಗಿ ಉಳಿಯುತ್ತದೆಯೇ ಹೊರತು ಯಾವ ತಪ್ಪನ್ನೂ ತಡೆಯುವುದಿಲ್ಲ. ಅದರ ಕೆಳಗಿರುವ ಕ್ಯಾಸ್ಕೇಡ್ ಡಿಲೀಟ್ (ಒಂದು ದಾಖಲೆಯೊಡನೆ ಅದಕ್ಕೆ ಸೇರಿದವನ್ನೂ ಅಳಿಸುವ ಆಯ್ಕೆ) ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಬಿಲ್ ಅಳಿಸಿದರೆ ಅದರ ಸಾಲುಗಳೂ ಹೋಗುವುದು ಸರಿ. ಗಿರಾಕಿಯ ಹೆಸರು ಅಳಿಸಿದೊಡನೆ ಅವರ ಬಿಲ್ಲುಗಳೆಲ್ಲ, ಬಾಕಿಯ ಲೆಕ್ಕವೂ ಸೇರಿ, ಮಾಯವಾಗುವುದು ಯಾವ ಅಂಗಡಿಗೂ ಬೇಡ.

ಇಷ್ಟಾದ ಮೇಲೆ ಫಾರ್ಮ್ ಕೆಲಸ ಹಗುರವಾಗುತ್ತದೆ. ಮುಖ್ಯ ಫಾರ್ಮ್‌ನಲ್ಲಿ ಬಿಲ್, ಅದರೊಳಗಿನ ಸಬ್‌ಫಾರ್ಮ್‌ನಲ್ಲಿ ಸಾಲುಗಳು. ಈ ಎರಡನ್ನೂ ಬೆಸೆಯುವ ‘ಲಿಂಕ್ ಮಾಸ್ಟರ್ ಫೀಲ್ಡ್ಸ್’ ಮತ್ತು ‘ಲಿಂಕ್ ಚೈಲ್ಡ್ ಫೀಲ್ಡ್ಸ್’ ಎರಡರಲ್ಲಿಯೂ ಬಿಲ್ ಐಡಿ (ಬಿಲ್ಲಿನ ಗುರುತಿನ ಸಂಖ್ಯೆ) ಇದ್ದರೆ, ಪ್ರತಿ ಹೊಸ ಸಾಲಿಗೂ ಆ ಸಂಖ್ಯೆಯನ್ನು ಆ್ಯಕ್ಸೆಸ್ ತಾನೇ ತುಂಬುತ್ತದೆ. ಕರ್ಸರ್ ಸಬ್‌ಫಾರ್ಮ್‌ಗೆ ದಾಟಿದ ಕ್ಷಣದಲ್ಲೇ ಮುಖ್ಯ ದಾಖಲೆ ಸೇವ್ ಆಗುವುದರಿಂದ, ಬಿಲ್ ಟೇಬಲ್‌ನ ಗಿರಾಕಿ ಐಡಿಯನ್ನು ಕಡ್ಡಾಯ ಮಾಡಿಟ್ಟರೆ ಗಿರಾಕಿಯಿಲ್ಲದ ಬಿಲ್ ಹುಟ್ಟುವುದೇ ಇಲ್ಲ. ಸಾಮಾನು ಆರಿಸಲು ಕಾಂಬೋ ಬಾಕ್ಸ್ (ಕೆಳಗೆ ಪಟ್ಟಿ ತೆರೆಯುವ ಚೌಕ) ಇಟ್ಟು, ಐಡಿಯ ಕಾಲಂ ಅಗಲವನ್ನು 0 ಮಾಡಿದರೆ ಹೆಸರು ಕಾಣುತ್ತದೆ, ಐಡಿ ಉಳಿಯುತ್ತದೆ. ಅದರಲ್ಲಿ ಆಯ್ಕೆ ಮಾಡಿದೊಡನೆ ನಡೆಯುವ ‘ಆಫ್ಟರ್ ಅಪ್‌ಡೇಟ್’ನಲ್ಲಿ ಅಂದಿನ ದರವನ್ನು ಸಾಲಿಗೆ ನಕಲಿಸಬಹುದು.

ಇದೇ ಕಾಂಬೋವನ್ನು ಲುಕಪ್ ಫೀಲ್ಡ್ ಹೆಸರಿನಲ್ಲಿ ಟೇಬಲ್‌ನೊಳಗೇ ಕೂರಿಸುವ ಸೌಲಭ್ಯವೂ ಇದೆ. ನಾನದನ್ನು ಬಳಸುವುದಿಲ್ಲ. ಟೇಬಲ್‌ನಲ್ಲಿ ‘ಯೂರಿಯಾ’ ಎಂದು ಕಂಡರೂ ಒಳಗಿರುವುದು ಸಂಖ್ಯೆಯೇ ಆದ್ದರಿಂದ, ಆ ಫೀಲ್ಡ್‌ಗೆ ಕ್ವೆರಿಯಲ್ಲಿ ‘ಯೂರಿಯಾ’ ಎಂದೇ ಷರತ್ತು ಕೊಟ್ಟವರಿಗೆ ಡೇಟಾ ಟೈಪ್ ಹೊಂದುತ್ತಿಲ್ಲ ಎಂಬ ದೋಷ ಎದುರಾಗುತ್ತದೆ, ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಕಾರಣ ಹೊಳೆಯುವುದೂ ಇಲ್ಲ.