ಎರಡು ಊರಿನ ರೈಲ್ವೆ ಗೇಟು

ಕೆಲವು ತಿಂಗಳ ಹಿಂದೆ ತಿಪಟೂರಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. "ಚಿಕ್ಕಪ್ಪ, ಕಾಮಾಕುರಾ ಹತ್ತಿರ ಸಮುದ್ರದ ಪಕ್ಕ ಒಂದು ರೈಲ್ವೆ ಗೇಟ್ ಇದೆಯಲ್ಲ, ಅಲ್ಲಿ ಒಂದು ಫೋಟೊ ತೆಗೆದು ಕಳಿಸ್ತೀರಾ?" ಅಂದ. ನಾನು ಟೋಕಿಯೊಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಗೆ ಹತ್ತಿರದ ಊರಾದ ಕಾಮಾಕುರಾಗೆ ಎರಡು ಸಲ ಹೋಗಿ ದೊಡ್ಡ ಬುದ್ಧನನ್ನು ನೋಡಿ ಬಂದಿದ್ದೇನೆ. ಈ ಗೇಟಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರು ದಾಟಿ ಎಲ್ಲೂ ಹೋಗದ ಹತ್ತನೇ ಕ್ಲಾಸಿನ ಹುಡುಗನಿಗೆ ಸ್ಟೇಷನ್ನಿನ ಹೆಸರು ಸಮೇತ ಗೊತ್ತು: ಕಾಮಾಕುರಾ ಕೋಕೋ ಮಾಯೆ.

ಮುಂದಿನ ಭಾನುವಾರ ಹೋದೆ. ಎನೋಡೆನ್ ಅನ್ನುವ ಪುಟ್ಟ ಹಸಿರು ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತದೆ. ಇಳಿದು ನೋಡಿದರೆ ಗೇಟಿನ ಹತ್ತಿರ ಜಾತ್ರೆ. ತೈವಾನಿನವರು, ಕೊರಿಯಾದವರು, ಥಾಯ್ಲೆಂಡಿನವರು. ಜನ ರಸ್ತೆಗೆ ನುಗ್ಗದಂತೆ ನೋಡಿಕೊಳ್ಳಲು ಕಾವಲಿನವರು ಬೇರೆ. ಅಲ್ಲಿ ಇರುವುದಾದರೂ ಏನು? ಒಂದು ಇಳಿಜಾರು ರಸ್ತೆ, ಹಳಿ, ಗೇಟು, ಅದರಾಚೆ ಸಮುದ್ರ. ಅಷ್ಟೇ. ಇನೋಯುಯೆ ತಾಕೆಹಿಕೊ 1990ರಿಂದ 1996ರ ತನಕ ಬರೆದ ಬಾಸ್ಕೆಟ್‌ಬಾಲ್ ಮಾಂಗಾ (ಜಪಾನಿನ ಚಿತ್ರಕತೆ) ‘ಸ್ಲಾಮ್ ಡಂಕ್’ ಟಿವಿಗೆ ಬಂದಾಗ, ಅದರ ಶುರುವಿನ ಹಾಡಿನಲ್ಲಿ ಈ ಗೇಟನ್ನು ತೋರಿಸಿದ್ದರು. ಆಗ ಇನ್ನೂ ಹುಟ್ಟಿರದ ಮಕ್ಕಳು ಈಗ ವಿಮಾನ ಹತ್ತಿ ಬಂದು ಇಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಬ್ಬಳು ಹುಡುಗಿ ನಿಜವಾಗಿ ಅಳುತ್ತಿದ್ದಳು.

ಫೋಟೊ ಕಳಿಸಿದೆ. ಹುಡುಗನಿಗಿಂತ ಮೊದಲು ಅಣ್ಣನ ಫೋನು. "ಅವನ ತಲೆಗೆ ಆ ಬೊಂಬೆ ಪುಸ್ತಕ ತುಂಬಬೇಡ್ವೋ. ಹತ್ತನೇ ಕ್ಲಾಸು ಕಣೋ."

ಬೊಂಬೆ ಪುಸ್ತಕ. ಆ ಮಾತು ಬಹಳ ದಿನ ಚುಚ್ಚುತ್ತಲೇ ಇತ್ತು.

ನಮ್ಮಲ್ಲಿ ಚಿತ್ರದ ಕತೆಗೆ ಒಂದು ವಯಸ್ಸಿದೆ. ಚಂದಮಾಮ, ಬಾಲಮಿತ್ರ, ಅಮರ ಚಿತ್ರಕಥೆ, ಇವೆಲ್ಲ ಬೇಸಿಗೆ ರಜೆಗೆ ಸರಿ. ಹೈಸ್ಕೂಲಿಗೆ ಬಂದ ಮೇಲೆ ಕೈಯಲ್ಲಿ ಕಂಡರೆ ಬೈಗುಳ. ಇಲ್ಲಿ ಆ ವಯಸ್ಸೇ ಬರುವುದಿಲ್ಲ. ನನ್ನ ಮೊದಲ ಮೇಲಧಿಕಾರಿಗೆ ಐವತ್ತೆಂಟು ವರ್ಷ. ಅವರ ಮೇಜಿನ ಹಿಂದಿನ ಕಪಾಟಿನಲ್ಲಿ ಶಿಮಾ ಕೋಸಾಕು ಅನ್ನುವ ಆಫೀಸು ನೌಕರನ ಮಾಂಗಾ ಸಾಲಾಗಿ ಇತ್ತು. 1983ರಲ್ಲಿ ಶುರುವಾದ ಕತೆ ಅದು. ಸೆಕ್ಷನ್ನಿನ ಮುಖ್ಯಸ್ಥನಾದ ನಾಯಕ ವರ್ಷ ವರ್ಷ ಮೇಲೇರಿ ಕಂಪನಿಯ ಅಧ್ಯಕ್ಷನೇ ಆಗುತ್ತಾನೆ. "ನಾನು ಕೆಲಸಕ್ಕೆ ಸೇರಿದಾಗಿನಿಂದ ಇವನೂ ನನ್ನ ಜೊತೆಗೇ ಇದ್ದಾನೆ" ಅಂದಿದ್ದರು ಅವರು. ಕಪ್ಪು ಬಿಳಿ ಕಾಯಿ ಇಟ್ಟು ಮಣೆಯ ಮೇಲೆ ಆಡುವ ‘ಗೋ’ ಅನ್ನುವ ಆಟದ ಮೇಲೆ ಒಂದು ಮಾಂಗಾ ಬಂದಾಗ, ತಾತಂದಿರು ಮಾತ್ರ ಕೂತು ಆಡುತ್ತಿದ್ದ ಆ ಆಟ ಕಲಿಯಲು ಮಕ್ಕಳು ಮುಗಿಬಿದ್ದರಂತೆ. ಅಡುಗೆ, ಮೀನು ಹಿಡಿಯುವುದು, ‘ಸಾಕೆ’ ಅನ್ನುವ ಅಕ್ಕಿಯ ಮದ್ಯ ತಯಾರಿಸುವುದು, ಎಲ್ಲದರ ಮೇಲೂ ಇದೆ. ಹಿರೋಶಿಮಾದ ಬಾಂಬಿನಲ್ಲಿ ಆರು ವರ್ಷದ ಹುಡುಗನಾಗಿ ಬದುಕುಳಿದ ನಾಕಾಜಾವಾ ಕೇಜಿ 1973ರಿಂದ ತನ್ನ ಕತೆಯನ್ನು ಹೇಳಿದ್ದೂ ಮಾಂಗಾದಲ್ಲೇ. ಅದನ್ನು ಓದಿದವರು ಬೊಂಬೆ ಪುಸ್ತಕ ಅನ್ನಲಾರರು.

ಜಗತ್ತಿಗೆ ಇದು ಯಾಕೆ ಹಿಡಿಸಿತು ಅಂತ ಕೇಳಿದರೆ ನನಗೆ ತೋಚುವುದು ಒಂದೇ. ಇವರು ತಮ್ಮ ಊರನ್ನು ಬೇರೆಯವರಿಗೋಸ್ಕರ ತಿದ್ದಲಿಲ್ಲ. ಅದೇ ಶಾಲೆಯ ಶೂ ಗೂಡು, ಅದೇ ಊಟದ ಡಬ್ಬಿ, ಅದೇ ರೈಲ್ವೆ ಗೇಟು. ಇವರ ಪುಸ್ತಕ ಓದುವುದು ಬಲದಿಂದ ಎಡಕ್ಕೆ. ಅಮೆರಿಕದಲ್ಲಿ ಮೊದಮೊದಲು ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಕತ್ತಿ ಹಿಡಿದ ಸಾಮುರಾಯ್‌ಗಳೆಲ್ಲ ಎಡಚರಾಗಿ ಹೋಗುತ್ತಿದ್ದರು. ಆಮೇಲೆ ಇದ್ದ ಹಾಗೇ ಕೊಟ್ಟು ನೋಡಿದರು. ಓದುವವರು ಬಲಗಡೆಯಿಂದ ಓದುವುದನ್ನೇ ಕಲಿತರು. ತಿಪಟೂರಿನ ಹುಡುಗನೂ ಹಾಗೇ ಓದುತ್ತಾನೆ.

ನಮ್ಮ ಹತ್ತಿರ ಸರಕು ಇಲ್ಲವೇ? ಹಾಗೆ ಹೇಳಿದರೆ ನಾನು ಒಪ್ಪುವುದಿಲ್ಲ. ಮಾಂಗಾದ ಅರ್ಧ ಜೀವ ಅದರ ಸದ್ದಿನಲ್ಲಿದೆ. ಪುಟದ ತುಂಬ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಎದೆ ಹೊಡೆದುಕೊಂಡರೆ ಇವರಿಗೆ ಡೋಕಿಡೋಕಿ, ನಮಗೆ ಡವಡವ. ತಿರುಗಿದರೆ ಗುರುಗುರು, ನಮ್ಮಲ್ಲಿ ಗಿರಗಿರ. ಹೊಳೆದರೆ ಪಿಕಾಪಿಕಾ, ನಮ್ಮಲ್ಲಿ ಪಳಪಳ. ಸದ್ದೇ ಇಲ್ಲದ ಜಾಗಕ್ಕೂ ಇವರಲ್ಲಿ ಒಂದು ಸದ್ದಿದೆ, ‘ಶೀನ್’. ಇಂಗ್ಲಿಷಿಗೆ ಇದನ್ನು ತರಲು ಒದ್ದಾಡುತ್ತಾರೆ. ಕನ್ನಡಕ್ಕೆ ಯಾವ ಕಷ್ಟವೂ ಇಲ್ಲ. ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ‘ಬಿಕೋ’ ಅನ್ನುತ್ತದೆ, ಅಲ್ವಾ? ಇಂಥ ಭಾಷೆ ಇಟ್ಟುಕೊಂಡು ನಾವು ಸುಮ್ನೆ ಕೂತಿದ್ದೇವೆ.

ಕತೆಯೂ ಇದೆ. ನಮ್ಮ ಮನೆಯ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗುತ್ತಿತ್ತು. ಅಪ್ಪ ಆಗಾಗ ಹತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಆಯಿತು. ಆಮೇಲೆ ಮಂಡಿಗೆ ಒಯ್ಯುವುದು, ಹರಾಜಿನ ದಿನ ರೇಟು ಎಷ್ಟಾಗುತ್ತದೋ ಅಂತ ಇಡೀ ಮನೆ ಉಸಿರು ಹಿಡಿದು ಕಾಯುವುದು. ಜಪಾನಿನಲ್ಲಾಗಿದ್ದರೆ ಇದರ ಮೇಲೆ ಇಪ್ಪತ್ತು ಪುಸ್ತಕ ಬರುತ್ತಿತ್ತು. ಎಲ್ಲೋ ದೂರದ ದೇಶದ ಹುಡುಗಿ ನಮ್ಮ ಮಂಡಿ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಳು.

ಇನ್ನೂ ಜಾಸ್ತಿ ನೋಯುವುದು ಒಂದಿದೆ. ಅಮರ ಚಿತ್ರಕಥೆಯ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ. ಶುರು ಮಾಡಿದವರೇ ನಾವು. ಅಣ್ಣನ ಮಗ ಮಾಂಗಾ ಓದುವುದು ಮಾತ್ರ ಇಂಗ್ಲಿಷಿನಲ್ಲಿ. "ಕನ್ನಡದಲ್ಲಿ ಇದ್ದಿದ್ದರೆ ಅಜ್ಜಿಗೂ ಓದಿ ಹೇಳ್ತಿದ್ದೆ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ವಾರ ವಾರ ಬರೆಯುವ ಕಲಾವಿದರು ನಿದ್ದೆಗೆಟ್ಟು ಆರೋಗ್ಯ ಕಳೆದುಕೊಳ್ಳುತ್ತಾರೆ. ಅಂಗಡಿಯ ಕೆಲವು ಸಾಲುಗಳ ಮುಂದೆ ಮಕ್ಕಳನ್ನು ನಿಲ್ಲಿಸಲು ನನಗೂ ಮನಸ್ಸಾಗುವುದಿಲ್ಲ. 1955ರ ಸುಮಾರಿಗೆ ಇಲ್ಲಿನ ಅಪ್ಪ ಅಮ್ಮಂದಿರೇ ಮಾಂಗಾ ಮಕ್ಕಳನ್ನು ಕೆಡಿಸುತ್ತದೆ ಅಂತ ಪುಸ್ತಕ ಸುಟ್ಟಿದ್ದೂ ಉಂಟು. ಹಾಗೆ ನೋಡಿದರೆ ಅಣ್ಣ ಹೇಳಿದ್ದು ಹೊಸ ಮಾತೇನಲ್ಲ.

ಅಣ್ಣನ ಭಯವೂ ನನಗೆ ಗೊತ್ತು. ಕೊಬ್ಬರಿ ರೇಟು ಬಿದ್ದ ವರ್ಷ ಅವನು ಓದು ಬಿಟ್ಟು ತೋಟಕ್ಕೆ ಇಳಿದ. ನಾನು ಓದಿದೆ. ಆ ಅಂಕಗಳ ಮೇಲೆಯೇ ಇಲ್ಲಿ ತನಕ ಬಂದೆ. ಮಗನ ಕೈಯಿಂದ ಅದು ಜಾರಬಾರದು ಅಂತ ಅವನಿಗೆ ಇರುವುದು ತಪ್ಪು ಅಂತ ಹೇಗೆ ಹೇಳಲಿ?

ಊರಿಗೆ ಹೊರಟಿದ್ದ ಗೆಳೆಯರ ಕೈಯಲ್ಲಿ ‘ಸ್ಲಾಮ್ ಡಂಕ್’ನ ಮೊದಲ ಐದು ಪುಸ್ತಕ ಕಳಿಸಿದೆ. ಅಣ್ಣ ಫೋನ್ ಮಾಡಿದ. ಮಾರ್ಚಿನ ಪರೀಕ್ಷೆ ಮುಗಿಯುವ ತನಕ ಬೀರುವಿನಲ್ಲಿ ಬೀಗ ಹಾಕಿ ಇಡ್ತೀನಿ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಇದರಲ್ಲಿ ಮೊದಲನೇ ಪುಟ ಯಾವ ಕಡೆ ಬರುತ್ತೋ?"