ಕುದುರೆಯಿಲ್ಲದ ಅಶ್ವದಳ

ಬೆಳಗಿನ ಒಂಬತ್ತರ ರೈಲಿನಲ್ಲಿ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ, ಕಾಣುವುದು ಬೆನ್ನು. ಒಂದು ಬೆನ್ನಿಗೆ ಮೂಗು ತಾಗಿಸಿಕೊಂಡು, ಇನ್ನಾರದೋ ಮೂಗಿಗೆ ನನ್ನ ಬೆನ್ನು ಒಪ್ಪಿಸಿ ದಿನವೂ ಮುಕ್ಕಾಲು ಗಂಟೆ ನಿಲ್ಲುವ ನನಗೆ ಕಚೇರಿಯ ಉಡುಪಿನ ಬಗ್ಗೆ ಮಾತನಾಡುವ ಅಧಿಕಾರ ಬಂದದ್ದೇ ಹೀಗೆ. ಜನ ಕನ್ನಡಿಯ ಮುಂದೆ ನಿಂತು ತಿದ್ದಿಕೊಳ್ಳುವುದು ಮುಂಭಾಗವನ್ನು. ಹಿಂಭಾಗವನ್ನು ಧಾರಾಳವಾಗಿ ಸಹಪ್ರಯಾಣಿಕರಿಗೆ ಬಿಟ್ಟಿರುತ್ತಾರೆ.

ನಿನ್ನೆ ನನ್ನ ಪಾಲಿಗೆ ಬಂದದ್ದು ಕಡುನೀಲಿ ಕೋಟಿನ ಬೆನ್ನು. ಒಳ್ಳೆಯ ಬಟ್ಟೆ, ಭುಜವೂ ಸರಿಯಾಗಿ ಕುಳಿತಿತ್ತು. ಆದರೆ ಕೆಳಗೆ, ಕೋಟಿನ ಹಿಂಬದಿಗೆ ಬಿಟ್ಟ ಸೀಳಿನ ತುದಿಯಲ್ಲಿ, ದಾರದಲ್ಲಿ ಹಾಕಿದ ದೊಡ್ಡದೊಂದು ಗುಣಾಕಾರದ ಚಿಹ್ನೆ! ಅಂಗಡಿಗೆ ಹೋಗುವ ದಾರಿಯಲ್ಲಿ ಸೀಳು ಅಸ್ತವ್ಯಸ್ತವಾಗದಿರಲಿ ಎಂದು ಹಾಕುವ ಕಚ್ಚಾ ಹೊಲಿಗೆ ಅದು, ಕೊಂಡವರು ಬಿಚ್ಚಿಕೊಳ್ಳಬೇಕು. ಬಿಚ್ಚಲು ಬೇಕಾದದ್ದು ಒಂದು ಕತ್ತರಿ, ಅರ್ಧ ನಿಮಿಷ. ಇವರ ದಾರವಾದರೋ ಬಿಳುಪು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಷ್ಟು ಬಡ್ತಿಗಳನ್ನು ಕಂಡ ದಾರವೋ!

ಸವಾರ ಕುದುರೆಯ ಮೇಲೆ ಕುಳಿತಾಗ ಕೋಟು ಜೀನಿನ ಎರಡೂ ಬದಿಗೆ ಇಳಿಬೀಳಲಿ ಎಂದು ಹುಟ್ಟಿಕೊಂಡ ಸೀಳು ಅದು. ಕುದುರೆ ಯಾವಾಗಲೋ ಹೋಯಿತು, ಸೀಳು ಉಳಿಯಿತು. ಈ ಮಹನೀಯರು ಸೀಳನ್ನೂ ಹೊಲಿದುಕೊಂಡೇ ಓಡಾಡುತ್ತಿದ್ದಾರೆ. ಅಷ್ಟರಲ್ಲಿ ಅವರಿಗೆ ಸೀಟು ಸಿಕ್ಕಿತು, ಕುಳಿತರು. ಸೀಳು ಬಿಚ್ಚಿಕೊಳ್ಳಲಾರದ ಕೋಟು ಬೆನ್ನಿನ ಮೇಲೆ ಕೊಡದಂತೆ ಉಬ್ಬಿ, ಕಾಲರ್ ಕಿವಿಯವರೆಗೆ ಏರಿತು.

ಸುತ್ತ ಕಣ್ಣು ಹಾಯಿಸಿದರೆ ಇಡೀ ಬೋಗಿಯೇ ಕುದುರೆ ಕಳೆದುಕೊಂಡ ಅಶ್ವದಳ. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕಂಬಿಗೆ ಜೋತುಬಿದ್ದ ತರುಣಿಯೊಬ್ಬಳು ಬ್ರೇಕು ಬಿದ್ದಾಗಲೆಲ್ಲ ಯಾರದಾದರೂ ಕಾಲು ತುಳಿಯುತ್ತಿದ್ದಳು. ಆ ಹಿಮ್ಮಡಿಯೂ ಹಿಂದೆ ಪರ್ಷಿಯಾದ ಸವಾರರಿಗೆ ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲುಬಳೆಯಲ್ಲಿ, ಕಾಲು ಜಾರದಂತೆ ನೆರವಾಗಿದ್ದದ್ದೇ. ಟೈ ಕೂಡ 17ನೇ ಶತಮಾನದಲ್ಲಿ ಕ್ರೊವೇಷಿಯಾದ ಸೈನಿಕರ ಕೊರಳವಸ್ತ್ರವನ್ನು ನೋಡಿ ಫ್ರಾನ್ಸಿನವರು ಮರುಳಾದದ್ದರ ಫಲ. ಈಗ ಆ ಟೈಯ ಮೇಲೆ ಗುರುತಿನ ಚೀಟಿಯ ಇನ್ನೊಂದು ಪಟ್ಟಿ. ಒಂದೇ ಕೊರಳಿಗೆ ಎರಡು ಹಗ್ಗ! ಚೀಟಿ ಮಾತ್ರ ಜಾರಿ ಬೆನ್ನಿಗೆ ಬಂದಿರುತ್ತದೆ. ಅದರ ಚಿತ್ರದಲ್ಲಿರುವ ಮುಖವನ್ನು ದಿನಾ ನೋಡಿ ನನಗೆ ಎಷ್ಟೋ ಜನರ ಪರಿಚಯವಾಗಿದೆ, ಎದುರಿಗೆ ಸಿಕ್ಕರೆ ಗುರುತು ಹತ್ತುವುದಿಲ್ಲ.

ಓಟದ ಬೂಟು ಹಾಕಿಕೊಂಡು, ಕಚೇರಿಯ ಬೂಟನ್ನು ಚೀಲದಲ್ಲಿ ಹೊತ್ತು ತರುವವರನ್ನು ಕಂಡು ನಗುವವರಿದ್ದಾರೆ. ನಾನು ನಗುವುದಿಲ್ಲ. ಇಡೀ ಬೋಗಿಯಲ್ಲಿ ಬುದ್ಧಿಯಿರುವವರು ಅವರೊಬ್ಬರೇ. ಕೋಟಿನ ಮೇಲೆ ಬೆನ್ನುಚೀಲ ಬಿಗಿದು, ಇಸ್ತ್ರಿ ಮಾಡಿಸಿದ ಭುಜವನ್ನು ನಿಲ್ದಾಣ ಬರುವುದರೊಳಗೆ ಮುದ್ದೆ ಮಾಡಿಕೊಳ್ಳುವವರ ವಿಷಯ ಬೇರೆ. ಪಾಲಿಯೆಸ್ಟರ್ ಅಂಗಿಯವರ ಬಗ್ಗೆ ಬರೆಯಲು ಮೊದಲು ಉಸಿರಾಡುವ ಅವಕಾಶ ಬೇಕು.

ಕೊನೆಗೆ ತಡೆಯಲಾರದೆ ಕಡುನೀಲಿ ಕೋಟಿನವರತ್ತ ಬಗ್ಗಿ, "ಸರ್, ನಿಮ್ಮ ಕೋಟಿನ ಹಿಂದೆ ಒಂದು ಹೊಲಿಗೆ..." ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಗೊತ್ತು, ಅದು ಕಂಪನಿಯ ಗುರುತು. ನಕಲಿ ಮಾಲಿನಲ್ಲಿ ಇರುವುದಿಲ್ಲ" ಎಂದರು. ಅಪರಿಚಿತನೊಬ್ಬ ಇಷ್ಟು ಹತ್ತಿರ ಬಂದು ಬಟ್ಟೆಯ ಮಾತು ತೆಗೆದದ್ದು ಅವರಿಗೆ ಅನುಮಾನ ತಂದಿರಬೇಕು. ಕೈ ತಟ್ಟನೆ ಕೋಟಿನ ಪಕ್ಕದ ಜೇಬಿಗೆ ಹೋಯಿತು. ಒಳಗೆ ನುಗ್ಗಲಿಲ್ಲ. ಜೇಬಿನ ಬಾಯಿಯ ಕಚ್ಚಾ ಹೊಲಿಗೆಯೂ ಹಾಗೆಯೇ ಇತ್ತು.